ಲೋಟಸ್ 1-2-3 ಕಂಪನಿ ಕಟ್ಟಿದ ಮಿಚ್ ಕೇಪೋರ್ ಮೊದ್ಲು ಆಸ್ಪತ್ರೇಲಿ ಕೌನ್ಸೆಲರ್ ಆಗಿದ್ರು, ಆ ಓದು ಕಂಪನಿ ಕಟ್ಟೋಕೆ ಏನಾದ್ರೂ ಕೆಲ್ಸಕ್ಕೆ ಬಂತಾ?

ಹಳೇಫ್ಲಾಪಿ
ತೊಂಬತ್ತರ ಆಸುಪಾಸಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವ್ರಿಗೆ ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಮೂರೂ ಒಂದೇ ಉಸಿರಲ್ಲಿ ಬಾಯಿಗೆ ಬರತ್ತೆ, ಟೈಪಿಂಗ್ ಇನ್‌ಸ್ಟಿಟ್ಯೂಟ್ ಬೋರ್ಡ್ ಮೇಲೂ ಹಂಗೇ ಬರ್ದಿರ್ತಿದ್ರು. ಆ ಲೋಟಸ್ ಕಂಪನಿ ಕಟ್ಟಿದ ಮಿಚ್ ಕೇಪೋರ್ ಬಗ್ಗೆ ಓದ್ತಾ ಇದ್ದೆ, ಮನುಷ್ಯ ಎಂಜಿನಿಯರಿಂಗ್ ಓದ್ದೋನೇ ಅಲ್ಲ. ಯೇಲ್ ಯೂನಿವರ್ಸಿಟೀಲಿ ಸೈಕಾಲಜಿ, ಭಾಷಾಶಾಸ್ತ್ರ, ಕಂಪ್ಯೂಟರ್ ಎಲ್ಲಾ ಸೇರ್ಸಿ ಸೈಬರ್ನೆಟಿಕ್ಸ್ ಅಂತ ಒಂದು ಡಿಗ್ರಿ, 1971ರಲ್ಲಿ. ಆಮೇಲೆ ರೇಡಿಯೋದಲ್ಲಿ ಡಿಜೆ, ಆಮೇಲೆ ಮಹರ್ಷಿ ಮಹೇಶ್ ಯೋಗಿಗಳ ಭಾವಾತೀತ ಧ್ಯಾನ ಹೇಳ್ಕೊಡೋ ಮೇಷ್ಟ್ರು, ಅದೂ ಸಾಕಾಗಿ ಕೌನ್ಸೆಲಿಂಗ್ ಸೈಕಾಲಜೀಲಿ ಎಂ.ಎ. ಮಾಡಿ ಬಾಸ್ಟನ್ ಪಕ್ಕದ ಆಸ್ಪತ್ರೇಲಿ ಮಾನಸಿಕ ರೋಗಿಗಳ ವಾರ್ಡಲ್ಲಿ ಕೆಲ್ಸ. ಆಪಲ್ ಟೂ ಮೆಷಿನ್ ಕೊಂಡಿದ್ದು ಇದೆಲ್ಲಾ ಆದ್ಮೇಲೆ. ಪದ್ಮಾಸನದ ನೆನಪಿಗೇ ಕಂಪನಿಗೆ ಲೋಟಸ್ ಅಂತ ಹೆಸ್ರು.

1982ರಲ್ಲಿ ಕಂಪನಿ ಶುರು, 1983ರ ಜನವರೀಲಿ 1-2-3 ಅನ್ನೋ ಸ್ಪ್ರೆಡ್‌ಶೀಟ್ (ಈಗಿನ ಎಕ್ಸೆಲ್ ಥರದ ಲೆಕ್ಕದ ಪ್ರೋಗ್ರಾಂ) ಮಾರ್ಕೆಟ್ಟಿಗೆ, ಅದೇ ವರ್ಷ 5.3 ಕೋಟಿ ಡಾಲರ್ ವ್ಯಾಪಾರ, ಮರುವರ್ಷ 15.6 ಕೋಟಿ. 1986ರಲ್ಲಿ ಕಂಪನಿ ಬಿಟ್ಟು ಹೊರಟ್ರು. ಆಮೇಲಿನ ಬದುಕೆಲ್ಲಾ ಹೆಚ್ಚುಕಮ್ಮಿ ಸಮಾಜದ ಕೆಲ್ಸ.

ಈಗ ಪ್ರಶ್ನೆ ಏನಂದ್ರೆ, ಈ ಸೈಕಾಲಜಿ ಓದಿದ್ದು ನಿಜವಾಗ್ಲೂ ಸಾಫ್ಟ್‌ವೇರಲ್ಲೋ ಕಂಪನೀಲೋ ಕಾಣ್ಸತ್ತಾ, ಇಲ್ಲಾ ದುಡ್ಡು ಮಾಡಿದ್ಮೇಲೆ ಎಲ್ಲಾರೂ ಹೇಳ್ಕೊಳೋ ಚಂದದ ಕತೇನಾ? ನನಗಂತೂ ಕಾಣ್ಸತ್ತೆ ಅಂತ ಅನ್ಸತ್ತೆ, ಆದ್ರೆ ಸ್ಕ್ರೀನ್ ಮೇಲೆ ಅಲ್ಲ, ಯಾರನ್ನ ಕೆಲ್ಸಕ್ಕೆ ತಗೊಂಡ್ರು ಅನ್ನೋದ್ರಲ್ಲಿ. ಬೇರೆಯವ್ರು ಏನಂತೀರ?

ಹುಬ್ಬಳ್ಳಿ_ಹಳಬ
ಸ್ಕ್ರೀನ್ ಮ್ಯಾಲ ಕಾಣಂಗಿಲ್ಲ ಅಂದ್ರ ಹೆಂಗ್ರೀ ಸರ? ನಾ ಹುಬ್ಬಳ್ಯಾಗ ಲೋಟಸ್ ಕಲಿತಾಂವ, ಆಮ್ಯಾಗ ಬಾಳ ಮಂದಿಗೆ ಕಲಿಸೇನಿ. ಸ್ಲ್ಯಾಶ್ ಕೀ ಒತ್ತಿದ್ರ ಮ್ಯಾಲ ಒಂದು ಸಾಲು ಬರ್ತಿತ್ತು, ವರ್ಕ್‌ಶೀಟ್ ರೇಂಜ್ ಕಾಪಿ ಮೂವ್ ಫೈಲ್ ಪ್ರಿಂಟ್ ಗ್ರಾಫ್ ಡೇಟಾ ಕ್ವಿಟ್. ಬಾಣದ ಕೀಲಿಂದ ಒಂದೊಂದರ ಮ್ಯಾಲ ಹೋದ್ರ ಅದರ ಕೆಳಗ ಇನ್ನೊಂದು ಸಾಲಿನ್ಯಾಗ ಇದನ್ನ ಒತ್ತಿದ್ರ ಮುಂದ ಏನ ಬರ್ತೈತಿ ಅಂತ ಮೊದಲ ತೋರಸ್ತಿತ್ತು, ಒತ್ತೂಕಿಂತ ಮೊದಲ! ಹೊಸಬ ಇದ್ದಾಂವ ಸಾವಕಾಶ ಓದಿಕೋತ ಹೋಗ್ತಿದ್ದ, ಕೈ ಕುಂತಾಂವ ಸ್ಲ್ಯಾಶ್ ಎಫ್ ಎಸ್ ಅಂತ ಮೂರು ಕೀ ಪಟಪಟ ಹೊಡದು ಫೈಲ್ ಸೇವ್ ಮಾಡ್ತಿದ್ದ, ಇಬ್ಬರಿಗೂ ಅದ ಒಂದ ಮೆನು. ದಾರಿ ತಪ್ಪಿದ್ರ ಎಸ್ಕೇಪ್ ಒತ್ತಿದ್ರ ಸಾಕು, ಒಂದೊಂದ ಹೆಜ್ಜಿ ಹಿಂದ ಬರ್ತಿತ್ತು. ಎಫ್ 1 ಒತ್ತಿದ್ರ ನೀವ ಎಲ್ಲಿ ನಿಂತೀರಿ ಅಲ್ಲಿಂದ ಹೆಲ್ಪ್ ಬರ್ತಿತ್ತು, ಪುಸ್ತಕದ ಮೊದಲನೇ ಪುಟದಿಂದಲ್ಲ.

ಕ್ಲಾಸಿಗೆ ಬರೋ ಗುಮಾಸ್ತರು, ಅಡತಿ ಅಂಗಡಿ ಲೆಕ್ಕ ಬರ್ಯೋರು, ಅವ್ರಿಗೆ ಕಂಪ್ಯೂಟರ್ ಅಂದ್ರ ಹೆದರಿಕಿ ಇತ್ತು, ಏನರ ಒತ್ತಿದ್ರ ಸುಟ್ಟು ಹೋದೀತು ಅಂತ. ಆ ಹೆದರಿಕಿ ಗೊತ್ತಿದ್ದಾಂವ ಮಾಡಿದ ಮೆನು ಅದು ಅಂತ ನನಗ ಅನಿಸ್ತೈತಿ.

ಸುಮ್ನೆ_ಓದೋನು
ಸ್ವಲ್ಪ ತಡ್ಕೊಳ್ಳಿ. ಕೋಡ್ ಬರ್ದಿದ್ದು ಜೊನಾಥನ್ ಸ್ಯಾಕ್ಸ್, ಅದನ್ಯಾಕೆ ಯಾರೂ ಹೇಳ್ತಿಲ್ಲ? ಆತ ಅಸೆಂಬ್ಲೀಲಿ (ಯಂತ್ರಕ್ಕೆ ತೀರಾ ಹತ್ರದ ಭಾಷೆ) ಬರ್ದು, ಆಗಿನ ಆಪರೇಟಿಂಗ್ ಸಿಸ್ಟಮ್ ಡಾಸ್‌ನ ಕೇಳ್ದೇನೆ ನೇರವಾಗಿ ವಿಡಿಯೋ ಮೆಮೊರಿಗೆ ಬರ್ದಿದ್ರಿಂದ ಅದು ಆ ಕಾಲಕ್ಕೆ ಮಿಂಚಿನ ಹಾಗೆ ಓಡ್ತಿತ್ತು. ಬೇರೆ ಕಂಪನಿಯವ್ರು ಐಬಿಎಂ ತರಹದ ಪಿಸಿ ಮಾಡ್ದಾಗ ಅದ್ರಲ್ಲಿ 1-2-3 ಓಡತ್ತಾ ಅಂತಾನೇ ಮೊದ್ಲು ನೋಡ್ತಿದ್ರು. ಐಬಿಎಂ ಪಿಸಿ ಆಗಷ್ಟೇ ಬಂದಿತ್ತು, ಅದಕ್ಕೆ ಸರಿಯಾದ ಸ್ಪ್ರೆಡ್‌ಶೀಟ್ ಇರ್ಲಿಲ್ಲ, ಮುಂಚಿನ ಸ್ಪ್ರೆಡ್‌ಶೀಟ್ ವಿಸಿಕ್ಯಾಲ್ಕ್ ಹಳೇ ಮೆಷಿನ್‌ಗೆ ಅಂತ ಮಾಡಿದ್ದು. ವೇಗ, ಸಮಯ, ಬೆನ್ ರೋಸನ್ ಥರದ ಹೂಡಿಕೆದಾರರ ಬಂಡವಾಳ, ಜಾಹೀರಾತಿಗೆ ಸುರಿದ ದುಡ್ಡು, ಇವು ಗೆಲ್ಸಿದ್ದು. ಸೈಕಾಲಜಿ ಡಿಗ್ರಿ ಇಲ್ದೇ ಇದ್ರೂ ಗೆಲ್ತಿತ್ತು.

ಮೆನು ಬಗ್ಗೆ ಹೇಳ್ಬೇಕಂದ್ರೆ, ಅದೇ ಮೆನುನ ಬೋರ್ಲ್ಯಾಂಡ್ ಅನ್ನೋ ಕಂಪನಿಯವ್ರು ತಮ್ಮ ಸ್ಪ್ರೆಡ್‌ಶೀಟ್ ಕ್ವಾಟ್ರೋದಲ್ಲಿ ಇಟ್ಟಿದ್ದಕ್ಕೆ ಲೋಟಸ್ ಕೇಸ್ ಹಾಕಿ, ಅದು ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಗಿ 1996ರಲ್ಲಿ ಜಡ್ಜ್‌ಗಳು ನಾಲ್ಕು ನಾಲ್ಕು ಆಗಿ ಕೊನೆಗೆ ಲೋಟಸ್ ಸೋತ್ತು. ಬಳಸೋರ ಮೇಲೆ ಅಷ್ಟು ಪ್ರೀತಿ ಇದ್ದ ಕಂಪನಿ ಮಾಡೋ ಕೆಲ್ಸಾನಾ ಅದು?

ಹಳೇಫ್ಲಾಪಿ
ಕೇಸ್ ಹಾಕಿದ್ದು 1990ರಲ್ಲಿ, ಕೇಪೋರ್ ಬಿಟ್ಟು ನಾಲ್ಕು ವರ್ಷ ಆಗಿತ್ತು ಗುರು. ಅದನ್ನ ಅವ್ರ ಲೆಕ್ಕಕ್ಕೆ ಹಾಕ್ಬೇಡಿ. ಸ್ಯಾಕ್ಸ್ ವಿಷ್ಯ ಒಪ್ದೆ, ಅವ್ರಿಲ್ದೆ 1-2-3 ಇಲ್ಲ.

ಕುಡ್ಲದ_ಕೋಡರ್
ಕೋಡ್ ಬರೆದವ ಬೇರೆ, ಡಿಸೈನ್ ಮಾಡಿದವ ಬೇರೆ ಅಂತ ಕೇಪೋರ್ ಅವರೇ ದೊಡ್ಡದಾಗಿ ಹೇಳಿದ್ದುಂಟು ಮಾರಾಯ್ರೆ. 1990ರಲ್ಲಿ ಸಾಫ್ಟ್‌ವೇರ್ ಡಿಸೈನ್ ಮ್ಯಾನಿಫೆಸ್ಟೋ ಅಂತ ಒಂದು ಭಾಷಣ ಮಾಡಿದ್ರು, ಆಮೇಲೆ ಅದು ಪತ್ರಿಕೆಯಲ್ಲೂ ಬಂತು. ಅದರ ತಿರುಳು ಇಷ್ಟೇ, ಮನೆ ಕಟ್ಟಬೇಕಾದ್ರೆ ಮೊದಲು ಆರ್ಕಿಟೆಕ್ಟ್ ಹತ್ರ ಹೋಗ್ತೀರಿ, ಸೀದಾ ಸಿವಿಲ್ ಎಂಜಿನಿಯರ್ ಹತ್ರ ಅಲ್ಲ, ಸಾಫ್ಟ್‌ವೇರಿಗೆ ಮಾತ್ರ ಯಾಕೆ ಆರ್ಕಿಟೆಕ್ಟ್ ಇಲ್ಲ? ರೋಮಿನ ವಿಟ್ರೂವಿಯಸ್ ಕಟ್ಟಡಕ್ಕೆ ಹೇಳಿದ ಮೂರು ಗುಣ, ಗಟ್ಟಿ ಇರಬೇಕು, ಉಪಯೋಗಕ್ಕೆ ಬರಬೇಕು, ಖುಷಿ ಕೊಡಬೇಕು, ಅದನ್ನೇ ಪ್ರೋಗ್ರಾಮಿಗೂ ಹೇಳಿದ್ರು. ಇವತ್ತು ಯುಎಕ್ಸ್ ಡಿಸೈನರ್ (ಬಳಸುವವರ ಅನುಭವ ರೂಪಿಸುವವ) ಅಂತ ಕಾರ್ಡ್ ಹಿಡ್ಕೊಂಡು ತಿರುಗುವವರಲ್ಲಿ ಎಷ್ಟು ಜನ ಅದನ್ನ ಓದಿದ್ದಾರೋ ದೇವರಿಗೇ ಗೊತ್ತು.

ಇನ್ನೊಂದು, ಲೋಟಸ್ ಅಜೆಂಡಾ ಅಂತ 1988ರಲ್ಲಿ ಬಂದ ಪ್ರೋಗ್ರಾಂ ಉಂಟಲ್ಲ, ಅದು ಕೇಪೋರ್ ಇನ್ನಿಬ್ಬರ ಜತೆ ಸೇರಿ ಮಾಡಿದ್ದು. ಅದ್ರಲ್ಲಿ ಮೊದಲು ಫಾರ್ಮ್ ತುಂಬಿಸುವ ರಗಳೆಯೇ ಇಲ್ಲ. ತಲೆಗೆ ಬಂದದ್ದನ್ನ ಬಂದ ಹಾಗೆ ಒಂದು ಸಾಲು ಬರೀರಿ, ಮುಂದಿನ ಮಂಗಳವಾರ ಇಂಥವರಿಗೆ ಫೋನ್ ಮಾಡ್ಬೇಕು ಅಂತ, ಅದು ತಾನೇ ತಾರೀಕು ಹುಡುಕಿ, ಹೆಸರು ಹುಡುಕಿ, ಸರಿಯಾದ ಗುಂಪಿಗೆ ಹಾಕ್ತದೆ. ಮನುಷ್ಯ ಮೊದಲು ಯೋಚನೆ ಮಾಡ್ತಾನೆ ಆಮೇಲೆ ಜೋಡಿಸ್ತಾನೆ ಅಂತ ತಿಳಿದವನಿಗೆ ಮಾತ್ರ ಹೊಳೆಯುವಂಥದ್ದು ಅದು. ವ್ಯಾಪಾರ ಆಗ್ಲಿಲ್ಲ ಅನ್ನುವುದು ಬೇರೆ ವಿಷಯ.

ಕೌನ್ಸೆಲರ್_ಅಕ್ಕ
ನಾನು ಬೆಂಗಳೂರಲ್ಲಿ ಕೌನ್ಸೆಲಿಂಗ್ ಮಾಡ್ತೀನಿ, ಕಂಪ್ಯೂಟರ್ ವಿಷ್ಯ ಅಷ್ಟಕ್ಕಷ್ಟೇ. ಆದ್ರೆ ಇಲ್ಲಿ ಎಲ್ಲರೂ ಸೈಕಾಲಜಿ ಅಂದ್ರೆ ಬಳಸೋರ ತಲೆ ಓದೋದು ಅಂತ ತಿಳ್ಕೊಂಡ ಹಾಗಿದೆ. ನಮ್ಗೆ ಟ್ರೈನಿಂಗಲ್ಲಿ ಮೊದಲ ಪಾಠ ತಲೆ ಓದೋದಲ್ಲ, ಬಾಯಿ ಮುಚ್ಕೊಂಡು ಕೂರೋದು. ಎದುರಿಗಿರೋರು ಎರಡು ನಿಮಿಷ ಏನೂ ಮಾತಾಡ್ಲಿಲ್ಲ ಅಂದ್ರೆ ಆ ಎರಡು ನಿಮಿಷಾನ ಸಲಹೆ ಕೊಟ್ಟು ತುಂಬ್ಬಾರ್ದು, ಅಷ್ಟೇ ಕಲಿಯೋಕೆ ನಮ್ಮಲ್ಲಿ ಕೆಲವ್ರಿಗೆ ವರ್ಷಗಟ್ಲೆ ಬೇಕಾಗತ್ತೆ. ಅದನ್ನ ಕಲ್ತವ್ರು ಒಂದು ಕಂಪನಿಗೆ ಯಜಮಾನ್ರಾದ್ರೆ ಮೀಟಿಂಗ್ ಹೇಗೆ ನಡೆಸ್ತಾರೆ, ಬೈಯೋದು ಹೇಗೆ, ಯಾರ ದೂರು ಕೇಳ್ತಾರೆ, ಅಲ್ಲಿ ನೋಡ್ಬೇಕು.

ಮತ್ತೆ ಇನ್ನೊಂದು ಮಾತು, ಈಗಿನ ಆ್ಯಪ್‌ಗಳಲ್ಲೂ ಸೈಕಾಲಜಿ ಬೇಕಾದಷ್ಟಿದೆ ಕಣ್ರೀ. ಒಂದಿನ ತಪ್ಪಿಸಿದ್ರೆ ಲೆಕ್ಕ ಸೊನ್ನೆಗೆ ಬರತ್ತೆ ಅಂತ ಹೆದರಿಸೋದು, ರಾತ್ರಿ ಹನ್ನೊಂದಕ್ಕೆ ಟಿಂಗ್ ಅನ್ನೋದು, ಅದನ್ನೂ ಸೈಕಾಲಜಿ ಓದಿದವ್ರೇ ಮಾಡಿರ್ತಾರೆ. ನನ್ನ ಹತ್ರ ಬರೋ ಹುಡುಗ್ರಲ್ಲಿ ಅರ್ಧ ಜನಕ್ಕೆ ನಿದ್ದೆ ಇಲ್ದೇ ಇರೋದು ಅದ್ರಿಂದ. ಓದು ಇತ್ತು ಅಂತ ಮಾತ್ರಕ್ಕೆ ಒಳ್ಳೇದಾಗಲ್ಲ.

ಬೇಏರಿಯಾ_ಬಿಸಿಬೇಳೆ
ಅಕ್ಕ ಕೇಳಿದ್ದಕ್ಕೆ ಉತ್ತರ ಫ್ರೀಡಾ ಕ್ಲೈನ್ ಕತೇಲಿದೆ. ಈಕೆ 1976ರಲ್ಲೇ ಬಾಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲಿ ಕೆಲ್ಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ ಒಂದು ಸಂಘಟನೆ ಕಟ್ಟಿದ್ದವ್ರಲ್ಲಿ ಒಬ್ರು, ಅಮೆರಿಕದಲ್ಲಿ ಆ ವಿಷ್ಯಕ್ಕೆ ಅಂತಾನೇ ಹುಟ್ಟಿದ ಮೊದಲ ಸಂಘಟನೆಗಳಲ್ಲಿ ಅದೂ ಒಂದು. 1984ರಲ್ಲಿ ಕೇಪೋರ್ ಅವ್ರನ್ನ ಲೋಟಸ್‌ಗೆ ಕರ್ಕೊಂಡ್ರು, ಅಮೆರಿಕದಲ್ಲೇ ಅತ್ಯಂತ ಪ್ರಗತಿಪರ ಕಂಪನಿ ಆಗೋ ಹಾಗೆ ಮಾಡಿ ಅಂತ. ಅವ್ರಿಬ್ರೂ ಮದುವೆ ಆಗಿದ್ದು ಎಷ್ಟೋ ವರ್ಷದ ಮೇಲೆ, ಆಗ ಬರೀ ಸಹೋದ್ಯೋಗಿಗಳು.

ಅವ್ರಿಬ್ರು ಸೇರಿ ಒಂದು ಕೆಲ್ಸ ಮಾಡಿದ್ರು, ನಂಗೆ ಬಹಳ ಇಷ್ಟದ ಕತೆ. ಅಷ್ಟೊತ್ತಿಗೆ ಕಂಪನಿ ಸಾವಿರ ಜನ ದಾಟಿತ್ತು, ದೊಡ್ಡ ದೊಡ್ಡ ಕಂಪನಿಗಳಿಂದ ಎಂಬಿಎ ಮಾಡಿದ ಮ್ಯಾನೇಜರ್‌ಗಳು ಬಂದು ಕೂತಿದ್ರು, ಎಲ್ಲಾ ಅಚ್ಚುಕಟ್ಟು, ಆದ್ರೆ ಹೊಸದು ಏನೂ ಹುಟ್ತಾ ಇಲ್ಲ ಅಂತ ಕೇಪೋರ್‌ಗೆ ಅನುಮಾನ. ಆಗ ಕಂಪನಿಯ ಮೊದಲ ನಲವತ್ತು ಜನರ ರೆಸ್ಯೂಮೆ ತೆಗ್ದು, ಹೆಸ್ರು ಬದಲಾಯ್ಸಿ, ಹೊಸ ಅರ್ಜಿಗಳ ಜತೆ ಸೇರ್ಸಿ ತಮ್ಮದೇ ಎಚ್‌ಆರ್‌ಗೆ ಕಳಿಸಿದ್ರು. ಒಬ್ರನ್ನೂ ಇಂಟರ್ವ್ಯೂಗೆ ಕರೀಲಿಲ್ಲ. ಒಬ್ರನ್ನೂ! ಅದ್ರಲ್ಲಿ ಕೇಪೋರ್ ರೆಸ್ಯೂಮೆನೂ ಇತ್ತು. ಆ ನಲವತ್ರಲ್ಲಿ ಯಾರಿದ್ರು ಅಂದ್ರೆ ಊರ ಕೇರಿಗಳಲ್ಲಿ ಜನ ಸಂಘಟನೆ ಮಾಡ್ತಿದ್ದವ್ರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಆಶ್ರಮದಲ್ಲಿ ಇದ್ದು ಬಂದವ್ರು. ಅವ್ರೇ 1-2-3 ಕಟ್ಟಿದ್ದು, ಮಾರಿದ್ದು.

ಎಚ್ಆರ್_ನನ್ನ_ಕರ್ಮ
ಅಯ್ಯೋ ಈ ಕತೆ ಓದಿ ಹೊಟ್ಟೇಲಿ ಒಂಥರಾ ಆಯ್ತು. ನಾನು ಮಾಡೋ ಕೆಲ್ಸ ಅದೇ. ಈಗ ಅದನ್ನ ಮನುಷ್ಯರೂ ಮಾಡಲ್ಲ, ಸಾಫ್ಟ್‌ವೇರ್ ಶೋಧಿಸಿ ಕೊಡತ್ತೆ, ಡಿಗ್ರಿ ಈ ಹೆಸರಿನದ್ದು, ಮಧ್ಯ ಗ್ಯಾಪ್ ಇರಬಾರ್ದು, ಮಾರ್ಕ್ಸ್ ಅರವತ್ತರ ಮೇಲೆ. ಧ್ಯಾನದ ಮೇಷ್ಟ್ರು, ರೇಡಿಯೋ, ಆಸ್ಪತ್ರೆ ಅಂತ ರೆಸ್ಯೂಮೆ ಬಂದ್ರೆ ನನ್ನ ಕಣ್ಣಿಗೂ ಬೀಳಲ್ಲ ಅದು, ಅಲ್ಲೇ ಸತ್ತೋಗತ್ತೆ. ಒಂದ್ಸಲ ಒಬ್ಬ ಹುಡುಗಿ, ಅಪ್ಪನಿಗೆ ಹುಷಾರಿಲ್ದೆ ಎರಡು ವರ್ಷ ಮನೇಲಿದ್ದಳು ಅಂತ ಗ್ಯಾಪ್, ನಾನು ಕೈಯ್ಯಾರೆ ಎತ್ತಿ ಮುಂದಕ್ಕೆ ಕಳಿಸಿದ್ರೆ ಮೇಲಿನವ್ರು ಇವ್ಳನ್ನ ಯಾಕ್ ತಂದ್ರಿ ಅಂತ ನನ್ನನ್ನೇ ಕೇಳಿದ್ರು.

ಒಂದು ಡೌಟು, ಕೇಪೋರ್ ಅದನ್ನ ನೋಡಿ ಆಮೇಲೆ ಏನ್ ಮಾಡಿದ್ರು? ಎಚ್‌ಆರ್‌ನವ್ರನ್ನ ತೆಗೆದ್ರಾ? 😬

ಬೇಏರಿಯಾ_ಬಿಸಿಬೇಳೆ
ಹಹ್ಹ ಹೆದರ್ಬೇಡಿ. ಆಮೇಲೆ ಸ್ವಲ್ಪ ದಿನಕ್ಕೆ ಕೇಪೋರೇ ಹೋದ್ರು. ದೊಡ್ಡ ಕಂಪನಿ ನಡೆಸೋದು ಅವ್ರಿಗೆ ಹಿಡಿಸ್ಲಿಲ್ಲ, 1986ರಲ್ಲಿ ಜಿಮ್ ಮಾಂಜಿ ಕೈಗೆ ಕೊಟ್ಟು ಹೊರಟ್ರು. ಆದ್ರೂ ಏನೋ ಉಳ್ಕೊಂಡಿತ್ತು ಅನ್ನಿ, 1991ರಲ್ಲಿ ಸಲಿಂಗಿ ಸಂಗಾತಿಗಳಿಗೂ ಗಂಡ-ಹೆಂಡತಿಗೆ ಕೊಡೋ ಹಾಗೇ ಆರೋಗ್ಯ ವಿಮೆ ಸೌಲಭ್ಯ ಕೊಟ್ಟ ಮೊದಲ ದೊಡ್ಡ ಶೇರುಪೇಟೆ ಕಂಪನಿ ಲೋಟಸ್. 1995ರಲ್ಲಿ ಐಬಿಎಂ 350 ಕೋಟಿ ಡಾಲರ್ ಕೊಟ್ಟು ಕೊಂಡ್ಕೊಳ್ತು, ಅಲ್ಲಿಗೆ ಕತೆ ಮುಗೀತು.

ಸುಮ್ನೆ_ಓದೋನು
ಅಂದ್ರೆ ಕೌನ್ಸೆಲರ್ ಆಗಿದ್ದವ್ರು ಜನ ಜಾಸ್ತಿ ಆದ ತಕ್ಷಣ ಬಿಟ್ಟು ಹೋದ್ರು. ನಲವತ್ತು ಜನರ ಜತೆ ಚೆನ್ನಾಗಿರೋದು ಕಷ್ಟ ಅಲ್ಲ ಸ್ವಾಮಿ, ಸಾವಿರ ಜನರ ಜತೆ ಹೇಗಿರ್ತೀರ ಅನ್ನೋದೇ ಪರೀಕ್ಷೆ. ಆ ಪರೀಕ್ಷೆಗೆ ಅವ್ರು ಕೂರ್ಲೇ ಇಲ್ಲ.

ಕೌನ್ಸೆಲರ್_ಅಕ್ಕ
ಇದು ಸರಿಯಾದ ಪ್ರಶ್ನೆ. ಆದ್ರೆ ನನ್ನ ಕೈಲಿ ಆಗಲ್ಲ ಅಂತ ಗೊತ್ತಾದಾಗ ಕುರ್ಚಿ ಬಿಡೋದನ್ನೂ ನಾನು ಸಣ್ಣ ವಿಷ್ಯ ಅನ್ನಲ್ಲ. ನಮ್ಮ ಕೆಲ್ಸದಲ್ಲೂ ನನ್ನಿಂದ ಆಗದ ಕೇಸನ್ನ ಬೇರೆಯವ್ರಿಗೆ ಕಳಿಸ್ಬೇಕು, ಹಿಡ್ಕೊಂಡು ಕೂತ್ರೆ ರೋಗಿಗೇ ತೊಂದ್ರೆ.

ಕುಡ್ಲದ_ಕೋಡರ್
ಬಿಟ್ಟ ಮೇಲೆ ಮಾಡಿದ್ದನ್ನೂ ನೋಡಿ ಮಾರಾಯ್ರೆ. 1990ರಲ್ಲಿ ಅಮೆರಿಕದ ಸೀಕ್ರೆಟ್ ಸರ್ವೀಸ್‌ನವರು ಹ್ಯಾಕರ್‌ಗಳನ್ನ ಹಿಡೀತೇವೆ ಅಂತ ಹೋಗಿ ಟೆಕ್ಸಾಸಿನ ಸ್ಟೀವ್ ಜ್ಯಾಕ್ಸನ್ ಗೇಮ್ಸ್ ಅಂತ ಒಂದು ಸಣ್ಣ ಆಟದ ಕಂಪನಿಯ ಕಂಪ್ಯೂಟರ್ ಎಲ್ಲ ಹೊತ್ಕೊಂಡು ಹೋದ್ರು. ಅದೇ ಹೊತ್ತಿಗೆ ವಯೋಮಿಂಗಲ್ಲಿದ್ದ ಬರಹಗಾರ ಜಾನ್ ಪೆರಿ ಬಾರ್ಲೋ ಮನೆಗೂ ಎಫ್‌ಬಿಐನವ ಬಂದಿದ್ದ, ಪಾಪ ಅವನಿಗೆ ಕಂಪ್ಯೂಟರ್ ಅಂದ್ರೆ ಏನಂತ ಬಾರ್ಲೋನೇ ಪಾಠ ಮಾಡ್ಬೇಕಾಯ್ತು. ಬಾರ್ಲೋ ಬರೆದದ್ದನ್ನ ಓದಿ ಕೇಪೋರ್ ತನ್ನ ವಿಮಾನವನ್ನ ದಾರಿ ಮಧ್ಯೆ ವಯೋಮಿಂಗಲ್ಲಿ ಇಳಿಸಿ ಅವರನ್ನ ಕಂಡರು. ಆ ಮಾತುಕತೆಯಿಂದ ಹುಟ್ಟಿದ್ದು ಇಎಫ್‌ಎಫ್ (ಕಂಪ್ಯೂಟರ್, ಇಂಟರ್ನೆಟ್ ಬಳಸುವವರ ಹಕ್ಕಿಗೆ ಹೋರಾಡುವ ಸಂಸ್ಥೆ), ಅದೇ ವರ್ಷ ಜುಲೈಯಲ್ಲಿ, ಜತೆಗೆ ಜಾನ್ ಗಿಲ್ಮೋರ್. ಆಟದ ಕಂಪನಿಯ ಕೇಸ್ 1993ರಲ್ಲಿ ಗೆದ್ದಿತು. ಆಮೇಲೆ 2003ರಲ್ಲಿ ಮೊಜಿಲ್ಲಾ ಫೌಂಡೇಶನ್ ಶುರುವಾದಾಗ ಮೊದಲ ಅಧ್ಯಕ್ಷರೂ ಇವರೇ, ಫೈರ್‌ಫಾಕ್ಸ್ ಬಳಸುವವರು ಒಂದು ಸಲಾಂ ಹೊಡೀರಿ.

ಸುಮ್ನೆ_ಓದೋನು
ಸ್ವಂತ ವಿಮಾನದಲ್ಲಿ ಬಂದು ಸಮಾಜ ಸೇವೆ! ಆಗ್ಲಿ. ಊಬರ್ ವಿಷ್ಯ ಯಾರಾದ್ರೂ ಎತ್ತೀರಾ ಅಂತ ಕಾಯ್ತಾ ಇದ್ದೆ. 2010ರಿಂದ್ಲೇ ಕೇಪೋರ್, ಫ್ರೀಡಾ ಗಂಡ ಹೆಂಡ್ತಿ ಇಬ್ರೂ ಊಬರ್‌ನಲ್ಲಿ ದುಡ್ಡು ಹಾಕಿದ್ರು. ಅಲ್ಲಿನ ಒಳಗಿನ ಹೊಲಸು 2017ರಲ್ಲಿ ಅಲ್ಲೇ ಎಂಜಿನಿಯರ್ ಆಗಿದ್ದ ಸೂಸನ್ ಫೌಲರ್ ಬರ್ದ ಮೇಲೆ ಊರಿಗೆಲ್ಲಾ ಗೊತ್ತಾಯ್ತು, ಆಮೇಲೆ ಇವ್ರು ಬಹಿರಂಗ ಪತ್ರ ಬರೆದ್ರು. ಕಿರುಕುಳದ ವಿಷ್ಯದಲ್ಲೇ ಡಾಕ್ಟರೇಟ್ ಮಾಡಿದವ್ರ ಹಣ ಅಲ್ಲಿದ್ದೂ ಏಳು ವರ್ಷ ಏನಾಗ್ತಿತ್ತು?

ಬೇಏರಿಯಾ_ಬಿಸಿಬೇಳೆ
ಒಳಗಿಂದ್ಲೇ ಹೇಳ್ತಾ ಬಂದ್ವಿ, ಕೇಳ್ಲಿಲ್ಲ, ಅದಕ್ಕೇ ಈಗ ಎಲ್ಲರೆದುರಿಗೆ ಹೇಳ್ತಿದೀವಿ ಅಂತ ಆ ಪತ್ರದಲ್ಲೇ ಬರ್ದಿದ್ರು. ಸಾಕಾಗೋ ಉತ್ತರಾನಾ ಅಂದ್ರೆ ನನ್ನ ಪ್ರಕಾರನೂ ಅಲ್ಲ. ಆದ್ರೆ ಸಿಲಿಕಾನ್ ವ್ಯಾಲೀಲಿ ದುಡ್ಡು ಹಾಕಿದವ್ರು ತಮ್ಮದೇ ಕಂಪನಿ ಮೇಲೆ ಬಹಿರಂಗವಾಗಿ ಬರೆಯೋದು ನಾನಿಲ್ಲಿ ಇರೋಷ್ಟು ಕಾಲದಲ್ಲಿ ಬೇರೆ ನೋಡಿಲ್ಲ, ಇಲ್ಲಿ ಹೂಡಿಕೆದಾರರು ಅಂದ್ರೆ ಬಾಯಿಗೆ ಬೀಗ. ಆ ಜೂನ್‌ನಲ್ಲೇ ಊಬರ್ ಮುಖ್ಯಸ್ಥ ಟ್ರಾವಿಸ್ ಕ್ಯಾಲಾನಿಕ್ ಕೆಳಗಿಳಿದ್ರು, ಅದಕ್ಕೆ ಬೇರೆ ಕಾರಣಗಳೂ ಇದ್ವು.

ನಾನು ಇರೋದು ಓಕ್‌ಲ್ಯಾಂಡ್ ಹತ್ರ. ಅವ್ರ ಕೇಪೋರ್ ಸೆಂಟರ್ ಬ್ರಾಡ್‌ವೇನಲ್ಲಿದೆ, ಬೇಕಂತ್ಲೇ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟು ಸೇತುವೆ ಈಚೆ ಬಂದಿದ್ದಾರೆ, ಕರಿಯರ ಹಳೇ ಊರಿದು. ಸ್ಮ್ಯಾಶ್ ಅಂತ ಅವ್ರದ್ದೊಂದು ಕಾರ್ಯಕ್ರಮ ಇದೆ, 2004ರಲ್ಲಿ ಬರ್ಕ್ಲಿ ಯೂನಿವರ್ಸಿಟೀಲಿ ಶುರುವಾಗಿದ್ದು. ಹೈಸ್ಕೂಲ್ ಮಕ್ಕಳು, ಹೆಚ್ಚಿನವ್ರು ಕರಿಯರು ಮತ್ತೆ ಲ್ಯಾಟಿನೋಗಳು, ಬೇಸಿಗೇಲಿ ಐದು ವಾರ ಕ್ಯಾಂಪಸ್ಸಲ್ಲೇ ಹಾಸ್ಟೆಲ್ ಥರ ಇದ್ದು ಗಣಿತ, ವಿಜ್ಞಾನ, ಕಂಪ್ಯೂಟರ್ ಕಲೀಬೇಕು, ಹೀಗೆ ಮೂರು ಬೇಸಿಗೆ, ಫೀಸ್ ಇಲ್ಲ. ಸೈಕಾಲಜಿ ಕೇಳಿದ್ರಲ್ಲ, ನಂಗೆ ಕಾಣೋದು ಇಲ್ಲಿ. ಮಕ್ಕಳಿಗೆ ಪಾಠ ಬರೋದಷ್ಟೇ ಅಲ್ಲ, ಈ ಜಾಗ ನಂದೂ ಹೌದು ಅಂತ ಅನ್ನಿಸ್ಬೇಕು, ಅದಕ್ಕೇ ಅಲ್ಲೇ ಮಲಗಬೇಕು, ಅಲ್ಲೇ ಉಣ್ಣಬೇಕು, ಯೂನಿವರ್ಸಿಟಿ ಲೈಬ್ರರಿಗೆ ಸುಮ್ನೆ ನಡ್ಕೊಂಡು ಹೋಗ್ಬೇಕು. ಒಂದಿನ ಬಸ್ಸಲ್ಲಿ ಕರ್ಕೊಂಡು ಬಂದು ತೋರಿಸಿ ವಾಪಸ್ ಕಳ್ಸೋದಲ್ಲ.

2017ರಲ್ಲಿ ಇನ್ನೊಂದು ಅಧ್ಯಯನ ಮಾಡ್ಸಿದ್ರು, ಟೆಕ್ ಕೆಲ್ಸ ಬಿಟ್ಟವ್ರನ್ನೇ ಹುಡುಕಿ ಯಾಕ್ ಬಿಟ್ರಿ ಅಂತ ಕೇಳಿದ್ದು. ಅನ್ಯಾಯ ತಡೀಲಾರ್ದೆ ಜನ ಬಿಟ್ಟು ಹೋಗೋದ್ರಿಂದ ಈ ಉದ್ಯಮಕ್ಕೆ ವರ್ಷಕ್ಕೆ 1600 ಕೋಟಿ ಡಾಲರ್ ನಷ್ಟ ಅಂತ ಲೆಕ್ಕ ಹಾಕಿದ್ರು. ಕೌನ್ಸೆಲರ್ ತಲೆ ಇದು, ಇರೋರ್ನಲ್ಲ, ಹೋದವ್ರನ್ನ ಕೇಳೋದು.

ಹುಬ್ಬಳ್ಳಿ_ಹಳಬ
ಹಾಸ್ಟೆಲ್ ಮಾತು ಖರೇ ಐತ್ರಿ. ಧಾರವಾಡದಾಗ ಮುರುಘಾಮಠದ ಪ್ರಸಾದ ನಿಲಯದಾಗ ಉಂಡು ಓದಿದ ಮಂದೀನ ಕೇಳ್ರಿ, ಅವ್ರು ಕಾಲೇಜಿನ ಪಾಠ ಮರ್ತಾರು, ನಿಲಯದ ಮಾತು ಮರಿಯಂಗಿಲ್ಲ. ಹಳ್ಳೀ ಹುಡುಗಗ ಪ್ಯಾಟಿ ಕಾಲೇಜಿನ್ಯಾಗ ಮೊದಲ ಬೇಕಾಗೋದು ಉಣ್ಣಾಕ ಒಂದು ಪಂಕ್ತಿ.

ವಿದ್ಯಾರ್ಥಿ_ದಾವಣಗೆರೆ
ನಾನು ಬಿಇ ಓದ್ತಿದೀನಿ, ಮೆಂಟಲ್ ಹೆಲ್ತ್ ಮೇಲೆ ಎಐ ಚಾಟ್‌ಬಾಟ್ ಪ್ರಾಜೆಕ್ಟ್ ಮಾಡ್ಬೇಕು ಅಂತಿದೀವಿ. ಟೆಕ್, ಸೈಕಾಲಜಿ, ಸೇವೆ ಮೂರೂ ಆಗತ್ತಲ್ವಾ? ಕೇಪೋರ್ ಇದ್ರ ಬಗ್ಗೆ ಏನಾದ್ರೂ ಹೇಳಿದಾರಾ?

ಕುಡ್ಲದ_ಕೋಡರ್
ಹೇಳಿದ್ದಾರೆ, ದುಡ್ಡು ಕಟ್ಟಿ ಹೇಳಿದ್ದಾರೆ. 2002ರಲ್ಲಿ ಎಐ ಭವಿಷ್ಯ ಹೇಳುವ ಸಂಶೋಧಕ ರೇ ಕರ್ಜ್‌ವೈಲ್ ಜತೆ 20,000 ಡಾಲರ್ ಪಂಥ, ಗೆದ್ದ ದುಡ್ಡು ದಾನಕ್ಕೆ. 2029ರ ಒಳಗೆ ಯಂತ್ರ ಟ್ಯೂರಿಂಗ್ ಪರೀಕ್ಷೆ (ಮಾತಾಡಿದವರಿಗೆ ಎದುರಿರುವುದು ಯಂತ್ರವೋ ಮನುಷ್ಯನೋ ಗೊತ್ತಾಗಬಾರದು) ಪಾಸಾಗ್ತದೆ ಅಂತ ಕರ್ಜ್‌ವೈಲ್, ಆಗುವುದಿಲ್ಲ ಅಂತ ಕೇಪೋರ್. ಮೈ ಇಲ್ಲದ, ಹಸಿವು ನೋವು ಗೊತ್ತಿಲ್ಲದ ಯಂತ್ರ ಮನುಷ್ಯನ ಹಾಗೆ ಮಾತಾಡಿ ಕೊನೆಯವರೆಗೆ ನಂಬಿಸ್ಲಿಕ್ಕೆ ಆಗುವುದಿಲ್ಲ ಅನ್ನುವ ವಾದ. ಈಗಿನ ಚಾಟ್‌ಬಾಟ್ ನೋಡಿದ್ರೆ ಕೇಪೋರ್ ದುಡ್ಡು ಹೋಗುವ ಲಕ್ಷಣ ಕಾಣ್ತದೆ, ಆದ್ರೆ ಅವರಿಬ್ಬರು ಬರೆದ ನಿಯಮ ಬಿಗಿ ಉಂಟು, ಗಂಟೆಗಟ್ಟಲೆ ಮಾತಾಡ್ಬೇಕು.

ಕೌನ್ಸೆಲರ್_ಅಕ್ಕ
ದಾವಣಗೆರೆ ತಮ್ಮಾ, ಮಾಡು, ಆದ್ರೆ ಎರಡು ಮಾತು ಕೇಳು. 1966ರಲ್ಲೇ ಎಂಐಟಿಯ ಜೋಸೆಫ್ ವೈಜನ್‌ಬಾಮ್ ಎಲೈಜಾ ಅಂತ ಒಂದು ಪ್ರೋಗ್ರಾಂ ಬರೆದಿದ್ರು, ನೀನು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳೋದು ಅಷ್ಟೇ ಅದ್ರ ವಿದ್ಯೆ. ಅವ್ರ ಸೆಕ್ರೆಟರಿಗೆ ಅದು ಬರೀ ಪ್ರೋಗ್ರಾಂ ಅಂತ ಗೊತ್ತಿತ್ತು, ಆದ್ರೂ ನಾನಿದ್ರ ಜತೆ ಮಾತಾಡ್ಬೇಕು ನೀವು ಸ್ವಲ್ಪ ಹೊರಗಿರಿ ಅಂದ್ರಂತೆ. ಜನ ಅಷ್ಟು ಬೇಗ ಮನಸ್ಸು ಬಿಚ್ತಾರೆ. ಬಿಚ್ಚಿದ ಮೇಲೆ ಹೊರೋರು ಯಾರು? ನಿಮ್ಮ ಪ್ರೋಗ್ರಾಂಗೆ ರಾತ್ರಿ ಎರಡು ಗಂಟೆಗೆ ಒಬ್ಬ ಸಾಯ್ತೀನಿ ಅಂತ ಬರೆದ್ರೆ ಮುಂದೆ ಯಾರಿಗೆ ಹೋಗತ್ತೆ ಅನ್ನೋದನ್ನ ಮೊದ್ಲು ಬರೀ, ಉಳಿದ ಕೋಡ್ ಆಮೇಲೆ. ಕೊನೇಪಕ್ಷ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಆ ಕ್ಷಣಕ್ಕೆ ಕಾಣೋ ಹಾಗಿರ್ಲಿ, ಅದು 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ನಿಮ್ಹಾನ್ಸ್ ಉಸ್ತುವಾರಿ, ಕನ್ನಡದಲ್ಲೂ ಮಾತಾಡ್ತಾರೆ, ದುಡ್ಡಿಲ್ಲ. ಎರಡನೇದು, ಅವ್ರು ಬರೆದದ್ದನ್ನ ಎಲ್ಲಿ ಇಡ್ತೀರ? ಸಂಕಟದಲ್ಲಿದ್ದವ್ರ ಜತೆ ಮೆಸೇಜಲ್ಲೇ ಮಾತಾಡೋ ಅಮೆರಿಕದ ಕ್ರೈಸಿಸ್ ಟೆಕ್ಸ್ಟ್ ಲೈನ್ ಒಳ್ಳೇ ಸೇವಾ ಸಂಸ್ಥೆನೇ, ಆದ್ರೂ ಸಂಕಟದಲ್ಲಿದ್ದವ್ರ ಮೆಸೇಜಿನ ಡೇಟಾನ ಹೆಸ್ರು ತೆಗ್ದು ಒಂದು ವ್ಯಾಪಾರಿ ಕಂಪನಿ ಜತೆ ಹಂಚ್ಕೊಂಡಿದ್ದು 2022ರಲ್ಲಿ ಸುದ್ದಿಯಾಗಿ ದೊಡ್ಡ ಗಲಾಟೆ ಆಗಿ ನಿಲ್ಲಿಸ್ಬೇಕಾಯ್ತು.

ವಿದ್ಯಾರ್ಥಿ_ದಾವಣಗೆರೆ
ಥ್ಯಾಂಕ್ಸ್ ಅಕ್ಕ. ಗೈಡ್ ಹತ್ರ ಇದನ್ನೇ ಹೇಳ್ತೀನಿ. ಅವ್ರು ಆಕ್ಯುರೆಸಿ ಎಷ್ಟು ಪರ್ಸೆಂಟ್ ಅಂತ ಮಾತ್ರ ಕೇಳ್ತಾ ಇದಾರೆ.

ಹಳೇಫ್ಲಾಪಿ
ಇನ್ನೊಂದು ಹೇಳೋದು ಮರ್ತಿದ್ದೆ. ಕೇಪೋರ್ 1980ರ ಹೊತ್ತಿಗೆ ಎಂಐಟಿಯ ಮ್ಯಾನೇಜ್‌ಮೆಂಟ್ ಸ್ಕೂಲ್ ಸೇರಿ ಇನ್ನೊಂದು ಟರ್ಮ್ ಇರೋವಾಗ ಸ್ಟಾರ್ಟಪ್ ಕೆಲ್ಸ ಸಿಕ್ತು ಅಂತ ಬಿಟ್ಟಿದ್ರು. 2025ರಲ್ಲಿ, ಎಪ್ಪತ್ತನಾಲ್ಕನೇ ವಯಸ್ಸಲ್ಲಿ ಹೋಗಿ ಅದನ್ನ ಮುಗಿಸ್ಕೊಂಡು ಬಂದ್ರು. ಸುಮ್ನೆ ಓದೋರೇ, ಕಡೇಪಕ್ಷ ಇದಕ್ಕಾದ್ರೂ ಒಂದು ಲೈಕ್ ಕೊಡಿ.

ಸುಮ್ನೆ_ಓದೋನು
ಕೊಟ್ಟೆ. ನಂಗೆ ಇಡೀ ಥ್ರೆಡ್ಡಲ್ಲಿ ಹಿಡಿಸಿದ್ದು ಆ ನಲವತ್ತು ರೆಸ್ಯೂಮೆ ಒಂದೇ. ಸೈಕಾಲಜಿ, ಸೇವೆ ಅಂತ ಎಷ್ಟು ಬೇಕಾದ್ರೂ ಮಾತಾಡ್ಬೋದು, ಅದು ಮಾತ್ರ ತಮ್ಮ ಮನೇನ ತಾವೇ ತಪಾಸಣೆ ಮಾಡಿದ್ದು. ಎಚ್‌ಆರ್ ಮೇಡಂ, ನಿಮ್ಮಲ್ಲಿ ಮಾಡಿ ನೋಡಿ, ಖರ್ಚಿಲ್ಲ.

ಎಚ್ಆರ್_ನನ್ನ_ಕರ್ಮ
ಖರ್ಚಿಲ್ಲ ಅಂತೀರ, ಕೆಲ್ಸ ಹೋದ್ರೆ ಯಾರ್ ಕೊಡ್ತಾರೆ ಸಾರ್? ಆದ್ರೂ ಯೋಚ್ನೆ ಬಂದಿದೆ. ಫೌಂಡರ್ ರೆಸ್ಯೂಮೆ ಲಿಂಕ್ಡ್‌ಇನ್‌ನಲ್ಲೇ ಇದೆ, ಹೆಸ್ರು ಬದಲಾಯ್ಸಿ, ಕಂಪನಿ ಶುರು ಮಾಡೋಕೆ ಮುಂಚೆ ತನಕ ಮಾತ್ರ ಇಟ್ಟು ನಮ್ಮ ಸಿಸ್ಟಮ್‌ಗೆ ಹಾಕೋದು. ಅವ್ರು ಎರಡು ಸೆಮಿಸ್ಟರ್ ಫೇಲ್ ಅಂತ ಎಲ್ಲಾ ಸ್ಟೇಜ್ ಮೇಲೂ ಜಂಬವಾಗಿ ಹೇಳ್ಕೋತಾರೆ, ನಮ್ಮ ಅರವತ್ತು ಪರ್ಸೆಂಟ್ ರೂಲ್‌ನಲ್ಲೇ ಹೊರಗೆ ಬೀಳ್ತಾರೆ ಅಂತ ಈಗ್ಲೇ ಗೊತ್ತು.

ಕುಡ್ಲದ_ಕೋಡರ್
ಹಾಕಿ ಮಾರಾಯ್ರೆ, ರಿಜೆಕ್ಟ್ ಮೇಲ್ ಬಂದ್ರೆ ಪ್ರಿಂಟ್ ತೆಗೆದಿಡಿ. ನಾನು ನಮ್ಮ ಡೆಲಿವರಿ ಮ್ಯಾನೇಜರದ್ದು ಹಾಕಿ ನೋಡ್ತೇನೆ.